ಬಣ್ಣ ಬಿಡಿಸಲು ಬೇರೆ ಕೋಣೆ ಏಕೆ?

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ರಟ್ಟಿನ ಡಬ್ಬಿ ಮತ್ತು ಹಳೆಯ ಸಿ.ಡಿ. ತುಂಡಿನಿಂದ ಬೆಳಕಿನ ಬಣ್ಣ ಬಿಡಿಸುವ ಪೆಟ್ಟಿಗೆ ಮಾಡಿದ್ದಾಳೆ. ಲಡಾಖಿನ ಹಾನ್ಲೆಯ ದೂರದರ್ಶಕದಲ್ಲಿ ಇದೇ ಕೆಲಸ ಮಾಡುವ ಸ್ಪೆಕ್ಟ್ರೋಗ್ರಾಫ್‌ಗೆ ಉಷ್ಣತೆ ಕಾಯ್ದುಕೊಳ್ಳುವ ಪ್ರತ್ಯೇಕ ಕೋಣೆಯೇ ಇದೆಯಂತೆ. ಅಷ್ಟೆಲ್ಲ ಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಬಣ್ಣ ಬಿಡಿಸಲು ಮಗಳ ಡಬ್ಬಿಯೇ ಸಾಕು. ಬಿಡಿಸಿದ್ದನ್ನು ಅಳೆಯಲು ಆ ಕೋಣೆ ಬೇಕು.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ನನಗೆ ಅತ್ಯಂತ ಪ್ರಿಯವಾಗಿದ್ದ ಜಾಗ ಕತ್ತಲೆ ಕೋಣೆಯ ಸ್ಪೆಕ್ಟ್ರೋಮೀಟರ್ ಮೇಜು. ಎದುರಿಗೆ ಸೋಡಿಯಂ ದೀಪ, ನಡುವೆ ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೆರೆ ಕೊರೆದ, ಬಣ್ಣ ಬಿಡಿಸುವ ಫಲಕ. ಮೊದಲು ಕಣ್ಣಿಗೆ ಬೀಳುವುದು ಒಂದೇ ದಪ್ಪ ಹಳದಿ ಪಟ್ಟಿ. ಬೆಳಕು ಒಳಬರುವ ಸೀಳಿನ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ ಕಿರಿದು ಮಾಡುತ್ತ ಹೋದಂತೆ ಪಟ್ಟಿ ಸಣ್ಣಗಾಗಿ, ಒಂದು ಹಂತದಲ್ಲಿ ಎರಡು ಗೆರೆಗಳಾಗಿ ಬಿಡಿಸಿಕೊಳ್ಳುತ್ತದೆ. ಅವುಗಳ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್ (ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು). ಆ ಕ್ಷಣದಲ್ಲಿ ಹುಡುಗರು ಉಸಿರು ಬಿಗಿಹಿಡಿಯುತ್ತಿದ್ದುದು ಪಕ್ಕದಲ್ಲಿ ನಿಂತ ನನಗೆ ಕೇಳಿಸುತ್ತಿತ್ತು. ಸಾರು ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿಯಾಗುವುದೂ ಉಪ್ಪಿನಲ್ಲಿರುವ ಇದೇ ಸೋಡಿಯಂನಿಂದ. ಸೂರ್ಯನ ರೋಹಿತದಲ್ಲಿ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿಯಲ್ಲಿ, ಅದೇ ಜಾಗದಲ್ಲಿ ಕಪ್ಪು ಗೆರೆಗಳಿವೆ. ಸೂರ್ಯನಲ್ಲಿ ಸೋಡಿಯಂ ಇದೆ ಎಂದು ನಮಗೆ ಗೊತ್ತಾದದ್ದು ಹೀಗೆ.

ಆದರೆ ನಕ್ಷತ್ರದಲ್ಲಿ ಏನಿದೆ ಎನ್ನುವುದರ ಜೊತೆಗೆ ಅದು ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂಬುದೂ ಖಗೋಳಜ್ಞರಿಗೆ ಬೇಕು. ನಕ್ಷತ್ರ ನಮ್ಮತ್ತ ಬಂದರೆ ಗೆರೆಗಳು ನೀಲಿಯ ಕಡೆಗೆ, ದೂರ ಹೋದರೆ ಕೆಂಪಿನ ಕಡೆಗೆ ಸರಿಯುತ್ತವೆ. ಎಷ್ಟು? ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಆ ಹಳದಿ ಗೆರೆ ಸರಿಯುವುದು ಬರೀ 0.002 ನ್ಯಾನೊಮೀಟರ್. 1995ರಲ್ಲಿ ಸ್ವಿಸ್ ಖಗೋಳಜ್ಞರಾದ ಮೇಯರ್ ಮತ್ತು ಕೆಲೋ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ ಎಲೊಡಿ ಸ್ಪೆಕ್ಟ್ರೋಗ್ರಾಫ್‌ನಿಂದ 51 ಪೆಗಾಸಿ ನಕ್ಷತ್ರದ ಸುತ್ತ ಗ್ರಹವನ್ನು ಕಂಡರಲ್ಲ, ಆ ಗ್ರಹ ತನ್ನ ನಕ್ಷತ್ರವನ್ನು ಓಲಾಡಿಸುತ್ತಿದ್ದುದು ಸೆಕೆಂಡಿಗೆ 60 ಮೀಟರಿನಷ್ಟು ಮಾತ್ರ!

ಈಗ ನೀವು ಕೇಳಿದ ಕೋಣೆಗೆ ಬರೋಣ. ಸಮುದ್ರಮಟ್ಟದ ಗಾಳಿಯ ಉಷ್ಣತೆ ಒಂದೇ ಡಿಗ್ರಿ ಬದಲಾದರೂ ಗೆರೆಗಳು ಸೆಕೆಂಡಿಗೆ ಸುಮಾರು 300 ಮೀಟರ್ ವೇಗಕ್ಕೆ ಸಮನಾಗಿ ಜರುಗಿಬಿಡುತ್ತವೆ. ನಕ್ಷತ್ರ ನಿಂತಲ್ಲೇ ಇದ್ದರೂ ಓಡಿದಂತೆ ಕಾಣುತ್ತದೆ. ಗ್ರೇಟಿಂಗ್, ಮಸೂರ, ಅವನ್ನು ಹಿಡಿದ ಲೋಹದ ಚೌಕಟ್ಟು ಹಿಗ್ಗಿ ಕುಗ್ಗುವುದು ಬೇರೆ. 4,500 ಮೀಟರ್ ಎತ್ತರದ ಹಾನ್ಲೆಯ ಹಗಲು–ರಾತ್ರಿಗಳ ಅಂತರ ಊಹಿಸಿಕೊಳ್ಳಿ.

ಅಲ್ಲಿನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ (ವಿಜ್ಞಾನಿ ಚಂದ್ರಶೇಖರರ ಹೆಸರಿನದು) ಕಣ್ಣಿಗೆ ಕಾಣುವ ಬೆಳಕನ್ನು ಬಿಡಿಸುವ ಎರಡು ಸ್ಪೆಕ್ಟ್ರೋಗ್ರಾಫ್‌ಗಳಿವೆ. ಒಂದು ದೂರದರ್ಶಕದ ಬೆನ್ನಿಗೇ ಅಂಟಿಕೊಂಡು ಅದರೊಂದಿಗೆ ವಾಲುತ್ತದೆ. ಮಸುಕಾದ ಆಕಾಶಕಾಯಗಳಿಗೆ ಅದೇ ಸರಿ. ನೀವು ಹೇಳಿದ ಇನ್ನೊಂದು ಮಾತ್ರ ಅಲುಗಾಡುವಂತಿಲ್ಲ. ಅದಕ್ಕೇ ನಕ್ಷತ್ರದ ಬೆಳಕನ್ನು ಆಪ್ಟಿಕಲ್ ಫೈಬರ್ ಎಳೆಯಲ್ಲಿ ಅದಿರುವ ಕೋಣೆಗೆ ಇಳಿಸುತ್ತಾರೆ. ಅದರಲ್ಲಿರುವ ಗ್ರೇಟಿಂಗ್‌ನ ಹೆಸರು ಎಶೆಲ್. ಫ್ರೆಂಚ್ ಭಾಷೆಯಲ್ಲಿ ಏಣಿ ಎಂದರ್ಥ. ಕ್ಯಾಮೆರಾದಲ್ಲಿ ಹಿಡಿಸದಷ್ಟು ಉದ್ದನೆಯ ರೋಹಿತವನ್ನು ಅದು, ಬಣ್ಣ ಬಿಡಿಸುವ ಇನ್ನೊಂದು ಸಾಧನದ ನೆರವಿನಿಂದ, ಪುಸ್ತಕದ ಪುಟದಲ್ಲಿ ಸಾಲುಗಳಿರುವಂತೆ, ತುಂಡು ತುಂಡಾಗಿ ಒಂದರ ಕೆಳಗೊಂದು ಜೋಡಿಸಿ ಕೊಡುತ್ತದೆ.

ಕೋಣೆ ಎಷ್ಟು ಭದ್ರವಾಗಿದ್ದರೂ ಖಗೋಳಜ್ಞರು ಅದನ್ನೇ ನಂಬಿ ಕೂರುವುದಿಲ್ಲ. ಥೋರಿಯಂ–ಆರ್ಗಾನ್ ದೀಪ ಹಚ್ಚಿ ಅದರ ರೋಹಿತವನ್ನೂ ತೆಗೆಯುತ್ತಾರೆ. ಅದನ್ನು ಪರದೆಯ ಮೇಲೆ ನೋಡಿದರೆ ಅಂಗಳದ ತುಂಬ ಇಟ್ಟ ರಂಗೋಲಿ ಚುಕ್ಕಿಗಳ ನೆನಪಾಗುತ್ತದೆ. ಒಂದೊಂದು ಚುಕ್ಕಿಯ ತರಂಗಾಂತರವೂ ಮೊದಲೇ ಗೊತ್ತಿರುವುದರಿಂದ ಅದೇ ಅಳತೆಗೋಲು. ಈ ಅಳತೆಗೋಲಿಲ್ಲದೆ ತೆಗೆದ ನಕ್ಷತ್ರದ ರೋಹಿತ ಎಷ್ಟೇ ಸುಂದರವಾಗಿದ್ದರೂ ವೇಗದ ಲೆಕ್ಕಕ್ಕೆ ಬಾರದು.

ಮಗಳಿಗೆ ಹೇಳಿ: ಡಬ್ಬಿಯ ಸೀಳಿಗೆ ಎರಡು ಬ್ಲೇಡುಗಳ ಅಂಚನ್ನು ನಿಮ್ಮ ಕೈಯಿಂದಲೇ ಕೂದಲೆಳೆ ಅಂತರದಲ್ಲಿ ಅಂಟಿಸಿಕೊಡುತ್ತೀರಿ ಎಂದು. ಮೊದಲು ಸಿ.ಎಫ್.ಎಲ್. ದೀಪವನ್ನು ನೋಡಲಿ. ಅದರಲ್ಲಿ ಎದ್ದು ಕಾಣುವ ಹಸಿರು ಗೆರೆ ಪಾದರಸದ್ದು, 546 ನ್ಯಾನೊಮೀಟರ್. ಅದರ ಜಾಗವನ್ನು ಡಬ್ಬಿಯೊಳಗೆ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಲಿ. ಆಮೇಲೆ ಹಗಲಿನ ಆಕಾಶದತ್ತ ತಿರುಗಿಸಲಿ, ಸೂರ್ಯನತ್ತ ಮಾತ್ರ ಎಂದೂ ಬೇಡ. ಸೀಳು ಸರಿಯಾಗಿದ್ದರೆ ಬಣ್ಣಗಳ ನಡುವೆ ಸಣ್ಣ ಕಪ್ಪು ಗೆರೆಗಳು ಕಾಣಬೇಕು. ಎಷ್ಟು ಕಂಡವು ಎಂದು ನನಗೆ ಬರೆದು ತಿಳಿಸಲಿ.