ಫಂಗಸ್ ಬಂದದ್ದು ಅಸ್ಥಿಮಜ್ಜೆಗೆ ತಿಳಿಯುತ್ತದೆಯೇ?

ಪ್ರಶ್ನೆ: ತಂದೆಯವರಿಗೆ ರಕ್ತದ ಕ್ಯಾನ್ಸರ್, ಇಲ್ಲೇ ಬೆಂಗಳೂರಿನಲ್ಲಿ ಕಿಮೊ ನಡೆಯುತ್ತಿದೆ. ಈಗ ರಕ್ತದಲ್ಲಿ ಕ್ಯಾಂಡಿಡಾ ಫಂಗಸ್ ಸಿಕ್ಕಿದೆ. ಔಷಧ ಹಾಕಿ, ‘ಕೌಂಟ್ (ಬಿಳಿ ರಕ್ತಕಣಗಳ ಸಂಖ್ಯೆ) ಏರಬೇಕು’ ಎನ್ನುತ್ತಿದ್ದಾರೆ ವೈದ್ಯರು. ಸೋಂಕು ಬಂದದ್ದು, ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯ ಆಕರಕೋಶಗಳಿಗೆ (ಸ್ಟೆಮ್ ಸೆಲ್) ತಾನಾಗಿ ಗೊತ್ತಾಗುವುದಿಲ್ಲವೇ? ಅಣಬೆಯ ಬೀಟಾ-ಗ್ಲೂಕಾನ್ ಪುಡಿ ಕೊಟ್ಟರೆ ಅವು ಚುರುಕಾಗುತ್ತವಂತೆ, ಕೊಡಬಹುದೇ?
– ಓದುಗರು, ಬಸವನಗುಡಿ

ಉತ್ತರ: ಪುಡಿ ಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಆಕರಕೋಶಗಳಿಗೆ ಸೋಂಕು ಖಂಡಿತ ತಿಳಿಯುತ್ತದೆ. ಬೇರೆ ಕೋಶಗಳು ಕಳಿಸುವ ರಾಸಾಯನಿಕ ಸಂದೇಶದಿಂದ ಮಾತ್ರ ಎಂದು ಹಿಂದೆ ನಂಬಿದ್ದೆವು. 2006ರಲ್ಲಿ, ಸೂಕ್ಷ್ಮಜೀವಿಗಳನ್ನು ಗುರುತಿಸುವ ಟಿಎಲ್‌ಆರ್ ಗ್ರಾಹಕಗಳು ಇಲಿಗಳ ಆಕರಕೋಶಗಳ ಮೇಲೇ ಇವೆ ಎಂಬುದು ಕಂಡುಬಂತು. ಕ್ಯಾಂಡಿಡಾ ತಾಗಿದರೆ ಆಕರಕೋಶಗಳು ಟಿಎಲ್‌ಆರ್-2 ಎಂಬ ಗ್ರಾಹಕದ ಮೂಲಕ ಎಚ್ಚೆತ್ತು, ಸೂಕ್ಷ್ಮಜೀವಿಗಳನ್ನು ನುಂಗುವ ನ್ಯೂಟ್ರೊಫಿಲ್, ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳ ಕಡೆಗೆ ಉತ್ಪಾದನೆಯನ್ನು ತಿರುಗಿಸುತ್ತವೆ. ಆ ಹೊತ್ತಿಗೆ ಬೇಕಾದವು ಅವೇ. ಕ್ಯಾಂಡಿಡಾ ದುಂಡಗಿರುವಾಗ ನ್ಯೂಟ್ರೊಫಿಲ್ ಅದನ್ನು ನುಂಗಿಬಿಡುತ್ತದೆ. ನೂಲಿನಂತೆ ಉದ್ದ ಬೆಳೆದರೆ ನುಂಗಲಾಗದೆ, ತನ್ನದೇ ಡಿಎನ್‌ಎಯನ್ನು ಬಲೆಯಾಗಿ ಹೊರಚೆಲ್ಲಿ ಹಿಡಿಯುತ್ತದೆ. ಬಲೆ ಬೀಸಿದ ಕೋಶ ಬಹುಮಟ್ಟಿಗೆ ಸಾಯುತ್ತದೆ, ಆದ್ದರಿಂದ ಹೊಸದು ಬರುತ್ತಲೇ ಇರಬೇಕು. ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್ ತಯಾರಿಸುತ್ತದೆ.

ನಿಮ್ಮ ತಂದೆಯವರ ತೊಂದರೆ ಇಲ್ಲೇ. ಕರೆ ಕೇಳಿಸಿದರೂ ಕಿಮೊ ಮಜ್ಜೆಯನ್ನು ಬರಿದು ಮಾಡಿದೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಎಎನ್‌ಸಿ’ (ನ್ಯೂಟ್ರೊಫಿಲ್‌ಗಳ ಸಂಖ್ಯೆ) ಎಂಬ ಸಾಲು ನೋಡಿ: 500ಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು. ನ್ಯೂಟ್ರೊಫಿಲ್ ಉತ್ಪಾದನೆ ಹೆಚ್ಚಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಡಬೇಕೇ ಎಂಬುದು ಕ್ಯಾನ್ಸರ್‌ನ ಬಗೆಯನ್ನೂ ಅವಲಂಬಿಸಿದೆ. ಅದನ್ನು ಅವರ ವೈದ್ಯರಿಗೇ ಬಿಡಿ.

ಇನ್ನು ಪುಡಿ. ಬೀಟಾ-ಗ್ಲೂಕಾನ್ ಶಿಲೀಂಧ್ರದ ಕೋಶಭಿತ್ತಿಯ ವಸ್ತು. ಅದನ್ನು ಇಲಿಗಳಿಗೆ ಚುಚ್ಚಿದಾಗ ಮಜ್ಜೆ ಹೆಚ್ಚು ಬಿಳಿ ರಕ್ತಕಣ ಕೊಡುವಂತೆ ‘ಪಳಗಿತು’ ಎಂದು 2018ರಲ್ಲಿ ವರದಿಯಾಯಿತು. ಪ್ರಚಾರದ ಮೂಲ ಬಹುಶಃ ಇಂಥ ಅಧ್ಯಯನಗಳೇ. ಇಲಿಗೆ ಕೊಟ್ಟದ್ದು ಚುಚ್ಚುಮದ್ದು, ಡಬ್ಬಿಯ ಪುಡಿಯಲ್ಲ. ಅಲ್ಲದೆ ಸರಿಯಾಗಿ ಸಂಸ್ಕರಿಸದ ಪುಡಿಯಲ್ಲಿ ಬೂಸ್ಟಿನ ಬೀಜಕಗಳಿರಬಹುದು. ಕೌಂಟ್ ನೆಲಕಚ್ಚಿದವರಿಗೆ ಅದನ್ನು ಕುಡಿಸುವ ಧೈರ್ಯ ನನಗಂತೂ ಇಲ್ಲ.

ಪುಡಿಯ ಬದಲು ವೈದ್ಯರನ್ನು ಎರಡು ವಿಷಯ ಕೇಳಿ. ಎದೆಯ ಬಳಿ ಸೆಂಟ್ರಲ್ ಲೈನ್ (ಔಷಧ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇದ್ದರೆ ತೆಗೆಯಬೇಕೇ? ಕ್ಯಾಂಡಿಡಾ ಅದರ ಒಳಗೋಡೆಗೆ ಅಂಟಿ ಕೂರುತ್ತದೆ. ಔಷಧ ಎಲ್ಲಿಯವರೆಗೆ? ಸಾಮಾನ್ಯವಾಗಿ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಫಂಗಸ್ ಬೆಳೆಯದ ದಿನದಿಂದ ಎಣಿಸಿ ಕನಿಷ್ಠ 14 ದಿನ. ಕೌಂಟ್ ಏರಿದ ಮೊದಲ ವಾರದಲ್ಲೇ ಕಣ್ಣಿನ ತಜ್ಞರಿಗೂ ತೋರಿಸಿ. ಸೋಂಕು ಕಣ್ಣಿನ ಒಳಪದರಕ್ಕೆ ಹಬ್ಬಿದ್ದರೆ ಆಗ ಗೊತ್ತಾಗುತ್ತದೆ.