ಒಂದೇ ಭಾನುವಾರದ ಮೇಲೆ ಇಡೀ ಮನೆಯ ಭಾರ: ತುಮಕೂರಿನ ಕುಟುಂಬವೊಂದರ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ದಂಪತಿ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಪತ್ನಿಯನ್ನು ಸುಮಾ ಎಂದೂ ಪತಿಯನ್ನು ರಮೇಶ್ ಎಂದೂ ಕರೆಯುತ್ತೇನೆ.

ಸುಮಾ ಅವರಿಗೆ 38 ವರ್ಷ. ತುಮಕೂರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. 43 ವರ್ಷದ ರಮೇಶ್ ಅವರು ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ತಿಂಗಳ ಪಾಸು ಮಾಡಿಸಿಕೊಂಡು ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಓಡಾಡುವ ನೂರಾರು ಜನರಲ್ಲಿ ಅವರೂ ಒಬ್ಬರು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ರಾತ್ರಿ ಎಂಟೂವರೆ, ಕೆಲವೊಮ್ಮೆ ಒಂಬತ್ತಕ್ಕೆ ಮನೆ ಸೇರುತ್ತಾರೆ. ಎಂಟನೇ ತರಗತಿಯ ಮಗ, ಮೂರನೇ ತರಗತಿಯ ಮಗಳು ಮತ್ತು ಮಂಡಿನೋವಿನಿಂದ ಹೆಚ್ಚು ಓಡಾಡಲಾಗದ ರಮೇಶ್ ಅವರ ತಾಯಿ ಜೊತೆಗಿದ್ದಾರೆ. ಬ್ಯಾಂಕ್ ಸಾಲದಲ್ಲಿ ಕಟ್ಟಿಸಿದ ಮನೆಗೆ ಹತ್ತು ವರ್ಷ ತುಂಬಿದೆ. ಹೊಸ ಮನೆ ಮೊದಲ ಬಾರಿಗೆ ಒಂದೊಂದಾಗಿ ದುರಸ್ತಿ ಕೇಳತೊಡಗುವ ವಯಸ್ಸು ಅದು.

ಅವರು ನನ್ನಲ್ಲಿಗೆ ಬಂದದ್ದು ಅಕ್ಟೋಬರ್ ಮಳೆಯ ನಂತರ. ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಮಳೆಯ ಜೋರು ಹೆಚ್ಚು. ಆ ಮಳೆಗೆ ಅವರ ಮನೆಯ ತಾರಸಿಯ ಅಂಚಿನಲ್ಲಿ, ಪ್ಯಾರಪೆಟ್ ಗೋಡೆಯ ಬುಡದಲ್ಲಿ ಬಿರುಕು ಬಿಟ್ಟು, ಮಲಗುವ ಕೋಣೆಯ ಗೋಡೆ ತೇವಗೊಂಡು ಬಣ್ಣ ಉಬ್ಬಿ ಉದುರುತ್ತಿತ್ತು. ಅದರ ಜೊತೆಗೆ ಬೋರ್‌ವೆಲ್‌ನ ಗಡಸು ನೀರಿಗೆ ಉಪ್ಪು ಕಟ್ಟಿದ ನಲ್ಲಿಗಳು, ಸಂಪಿನ ಮೋಟಾರು, ಸರಿಯಾಗಿ ಮುಚ್ಚದ ಹಿಂಬಾಗಿಲು. ಇವೆಲ್ಲಕ್ಕೂ ರಮೇಶ್ ಅವರಿಗಿದ್ದ ಸಮಯ ಭಾನುವಾರ ಒಂದೇ. ಸುಮಾ ಅವರಿಗೂ ವಾರದ ಅಡುಗೆಯ ತಯಾರಿ, ಬಟ್ಟೆ, ಮಕ್ಕಳ ಓದು, ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಅದೇ ದಿನ. ಊರಲ್ಲೇ ಇರುವ ನಾದಿನಿಯ ಕುಟುಂಬ ತವರಿಗೆಂದು ಬರುವುದೂ ಬಹುತೇಕ ಅದೇ ದಿನ, ಅದೂ ಮೊದಲೇ ಹೇಳದೆ.

ಜಗಳ ಸ್ಫೋಟಗೊಂಡದ್ದು ನೀರಿನ ವಿಷಯಕ್ಕೆ. ಒಂದು ಭಾನುವಾರ ಹನ್ನೊಂದೂವರೆ ಹೊತ್ತಿಗೆ ಸುಮಾ ಅವರು ನಾಟಿಕೋಳಿ ಮಾಂಸಕ್ಕೆ ಅರಿಸಿನ ಹಚ್ಚಿ ಸಿಂಕಿನಲ್ಲಿ ತೊಳೆಯುತ್ತಿದ್ದಾಗ ನಲ್ಲಿಯಲ್ಲಿ ನೀರು ನಿಂತುಹೋಯಿತು. ಬಚ್ಚಲಮನೆಯ ನಲ್ಲಿ ಬದಲಿಸಲೆಂದು ರಮೇಶ್ ಅವರು ಮೇಲೆ ಹೋಗಿ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿದ್ದರು. ಹೊರಗೆ ನಾದಿನಿಯ ಸ್ಕೂಟರ್ ಬಂದು ನಿಂತ ಸದ್ದು. ಸುಮಾ ಅವರು ಅರಿಸಿನದ ಕೈಯಲ್ಲೇ ತಾರಸಿಯ ಮೆಟ್ಟಿಲ ಬಳಿ ನಿಂತು, "ರೀ, ಒಂದು ಮಾತು ಹೇಳೋಕಾಗಲ್ವಾ ನಿಮಗೆ?" ಎಂದು ಕೂಗಿದರು. "ಭಾನುವಾರ ಒಂದು ಗಂಟೆ ನಾನು ಸುಮ್ಮನೆ ಕೂತಿದ್ದನ್ನ ನೋಡಿದ್ದೀಯಾ ನೀನು?" ಎಂಬ ಉತ್ತರ ಮೇಲಿನಿಂದ ಬಂತು. ಬಂದವರ ಎದುರಿನಲ್ಲೇ ಮಾತಿಗೆ ಮಾತು ಬೆಳೆಯಿತು. ಅದಾದ ಮೇಲೆ ಹದಿನೈದು ದಿನ ಇಬ್ಬರ ನಡುವೆ ಅಗತ್ಯವಿದ್ದಷ್ಟೇ ಮಾತು.

ಮೊದಲ ಭೇಟಿಯಲ್ಲಿ ನಾನು ಇಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಕೇಳಿದೆ. ಸುಮಾ ಅವರ ದೂರು ಒಂದೇ ವಾಕ್ಯದ್ದಾಗಿತ್ತು: "ಅವರಿಗೆ ಮನೆ ಕಾಣುತ್ತೆ, ಮನೇಲಿರೋರು ಕಾಣಲ್ಲ." ಅವರಿಗೆ ನಿದ್ರೆ ಕಡಿಮೆಯಾಗಿತ್ತು, ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೇ ಎದೆ ಭಾರವಾಗುತ್ತಿತ್ತು. ಹೀಗಾಗಿ ಹಿಂದಿನ ಎರಡು ವಾರಗಳ ಮನಸ್ಥಿತಿಯನ್ನು ಒಂಬತ್ತು ಪ್ರಶ್ನೆಗಳಲ್ಲಿ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಮೊದಲು ತುಂಬಿಸಿದೆ. ಚಿಕಿತ್ಸೆ ಬೇಕಾಗುವ ಖಿನ್ನತೆಯ ಸೂಚನೆ ಅದರಲ್ಲಿ ಇರಲಿಲ್ಲ. ಆದರೂ ರಾತ್ರಿ ಹೊತ್ತು ಮನಸ್ಸು ಕೈಮೀರಿದಂತೆ ಅನಿಸಿದರೆ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ-ಮನಸ್ ಸಹಾಯವಾಣಿ 14416 ಇದೆಯೆಂದು ಬರೆದುಕೊಟ್ಟೆ. ದಣಿವು ಮತ್ತು ಖಿನ್ನತೆ ಹೊರನೋಟಕ್ಕೆ ಒಂದೇ ರೀತಿ ಕಾಣುವುದರಿಂದ, ಮನೆಗೆಲಸದ ಜಗಳ ಎಂದು ಬರುವ ಯಾವ ಪ್ರಕರಣದಲ್ಲೂ ಈ ಹೆಜ್ಜೆಯನ್ನು ನಾನು ಬಿಡುವುದಿಲ್ಲ.

ರಮೇಶ್ ಅವರ ಕಥೆ ಹೊರಬರಲು ಹೆಚ್ಚು ಸಮಯ ಹಿಡಿಯಿತು. ತೀರಿಕೊಂಡ ಅವರ ತಂದೆ ಹಳ್ಳಿಮನೆಯಲ್ಲಿ ಹೆಂಚು ಸರಿಪಡಿಸುವುದರಿಂದ ಹಿಡಿದು ಬಾವಿಯ ರಾಟೆ ಕಟ್ಟುವವರೆಗೆ ಎಲ್ಲವನ್ನೂ ಸ್ವತಃ ಮಾಡುತ್ತಿದ್ದರು. ಕೂಲಿ ಕೊಟ್ಟು ಮಾಡಿಸುವುದೆಂದರೆ ತಾನು ಮನೆಯ ಗಂಡಸಾಗಿ ಸೋತಂತೆ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಸಾಲದ ಕಂತಿನ ನಡುವೆ ಸಾವಿರ ರೂಪಾಯಿ ಉಳಿಸಿದ ತೃಪ್ತಿಯೂ ಇತ್ತು. ಇದಕ್ಕಿಂತ ಮುಖ್ಯವಾದದ್ದನ್ನು ಅವರು ಸ್ವಲ್ಪ ತಡವರಿಸಿ ಹೇಳಿದರು: ವಾರದ ಆರು ದಿನ ಮಕ್ಕಳು ನಿದ್ದೆಯಲ್ಲಿದ್ದಾಗ ಹೊರಟು, ಊಟ ಮುಗಿಸಿ ಮಲಗುವ ಹೊತ್ತಿಗೆ ಬರುವ ತನಗೆ, ಭಾನುವಾರ ಸಂಜೆ ಸೋರದ ಒಂದು ನಲ್ಲಿಯನ್ನು ನೋಡಿದಾಗ ಮಾತ್ರ ಈ ಮನೆಗೆ ತಾನೂ ಏನೋ ಮಾಡಿದ್ದೇನೆ ಅನಿಸುತ್ತದೆ.

ಈ ಮಾತು ಹೊರಬಂದ ಮೇಲೆ ಪ್ರಕರಣದ ದಿಕ್ಕು ನನಗೆ ಸ್ಪಷ್ಟವಾಯಿತು. ಅವರ ಪಾಲಿಗೆ ರಿಪೇರಿಯೇ ಪ್ರೀತಿ ತೋರಿಸುವ ರೀತಿಯಾಗಿತ್ತು. ಸುಮಾ ಅವರ ಪಾಲಿಗೆ ನಾದಿನಿಯ ಎದುರು ತುಂಬಿದ ತಟ್ಟೆ ಇಡುವುದೂ ಹಾಗೆಯೇ ಆಗಿತ್ತು. ಒಬ್ಬರು ತಾರಸಿಯ ಮೇಲೆ, ಇನ್ನೊಬ್ಬರು ಅಡುಗೆಮನೆಯಲ್ಲಿ ಇಡೀ ದಿನ ಒಬ್ಬರಿಗಾಗಿ ಒಬ್ಬರು ದುಡಿಯುತ್ತಿದ್ದರು, ಆದರೆ ಆ ದುಡಿಮೆ ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ಇಂತಹ ಮನೆಗಳಲ್ಲಿ 'ಕೆಲಸ ಹಂಚಿಕೊಳ್ಳಿ' ಎಂದಷ್ಟೇ ಹೇಳಿ ಕಳುಹಿಸುವುದು ಸಲಹೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಂಚಿಕೊಳ್ಳುವುದಕ್ಕೆ ಮೊದಲು ಆ ಕೆಲಸ ಇಬ್ಬರ ಕಣ್ಣಿಗೂ ಬೀಳಬೇಕು.

ಅದಕ್ಕಾಗಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ಮನೆಯಲ್ಲಿ ನಡೆಯುವ ಕೆಲಸಗಳನ್ನು ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದಂತೆ ಬರೆಯಲು ಹೇಳಿದೆ. ಸುಮಾ ಅವರ ಪಟ್ಟಿಯಲ್ಲಿದ್ದ ಅರ್ಧಕ್ಕೂ ಹೆಚ್ಚು ಕೆಲಸಗಳು ರಮೇಶ್ ಅವರ ಹಾಳೆಯಲ್ಲಿ ಇರಲೇ ಇಲ್ಲ: ದೋಸೆಗೆ ಅಕ್ಕಿ, ಉದ್ದು ನೆನೆಹಾಕುವುದು, ರಾಗಿ ಒಪ್ಪ ಮಾಡಿ ಮಿಲ್ಲಿಗೆ ಕೊಡುವುದು, ಗ್ಯಾಸ್ ಬುಕ್ ಮಾಡುವುದು, ಸಮವಸ್ತ್ರದ ಗುಂಡಿ ಹೊಲಿಯುವುದು, ಅತ್ತೆಯ ಮಾತ್ರೆ ಮುಗಿಯುವ ದಿನವನ್ನು ನೆನಪಿಡುವುದು. ರಮೇಶ್ ಅವರ ಪಟ್ಟಿಯಲ್ಲಿದ್ದ ಸಂಪು ತೊಳೆಯುವುದು, ತಾರಸಿಯ ನೀರಿನ ಕೊಳವೆಗೆ ಕಟ್ಟಿದ ಎಲೆ ತೆಗೆಯುವುದು, ವಿಮೆ ಮತ್ತು ಸಾಲದ ಕಂತಿನ ಲೆಕ್ಕ ಸುಮಾ ಅವರ ಹಾಳೆಯಲ್ಲಿ ಇರಲಿಲ್ಲ. ಹಾಳೆ ಬದಲಿಸಿಕೊಂಡು ಓದುವಾಗ ಇಬ್ಬರೂ ಮಾತನಾಡಲಿಲ್ಲ.

ರಮೇಶ್ ಅವರು ಅಂಕಿಗಳೊಡನೆ ಬದುಕುವವರಾದ್ದರಿಂದ ಅವರಿಗೆ ಇನ್ನೊಂದು ಲೆಕ್ಕವನ್ನೂ ತೋರಿಸಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದರಲ್ಲಿ ಕಳೆಯುತ್ತಿದ್ದರು. ಮನೆಯ ಸಣ್ಣಪುಟ್ಟ ದುರಸ್ತಿಯೂ ಈ ಲೆಕ್ಕದೊಳಗೇ ಸೇರಿದೆ. ಅವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಭಾನುವಾರದ ಎಂಟು ಗಂಟೆಯ ದುಡಿಮೆ ಕಣ್ಣಿಗೆ ಹೊಡೆದು ಕಾಣುತ್ತದೆ, ದಿನವೂ ಚೂರುಚೂರಾಗಿ ನಡೆಯುವ ಐದು ಗಂಟೆಯ ದುಡಿಮೆ ಕಾಣುವುದಿಲ್ಲ ಎಂಬುದನ್ನು ಅವರು ತಮ್ಮದೇ ಭಾಷೆಯಲ್ಲಿ ಅರ್ಥಮಾಡಿಕೊಳ್ಳಲಿ ಎಂಬುದಷ್ಟೇ ನನ್ನ ಆಶಯ.

ಮಗನೊಂದಿಗೂ ಸ್ವಲ್ಪ ಹೊತ್ತು ಮಾತನಾಡಿದೆ. ಅಪ್ಪನ ಜೊತೆ ಭಾನುವಾರ ಏನು ಮಾಡುತ್ತೀಯೆಂದು ಕೇಳಿದಾಗ, "ಟಾರ್ಚ್ ಹಿಡ್ಕೊಂಡಿರ್ತೀನಿ" ಎಂದ. ಸರಿಯಾಗಿ ಹಿಡಿಯದಿದ್ದರೆ ಬೈಗುಳ, ಸರಿಯಾಗಿ ಹಿಡಿದರೆ ಮೌನ. ಇದನ್ನು ಹುಡುಗನ ಅನುಮತಿ ಪಡೆದು ತಂದೆಗೆ ತಿಳಿಸಿದಾಗ ಅವರ ಮುಖ ಸಣ್ಣದಾಯಿತು; ಅವರ ನೆನಪಿನಲ್ಲಿ ಅದು ಮಗನೊಂದಿಗೆ ಕಳೆದ ಸಮಯವಾಗಿತ್ತು.

ಸಲಹೆಗಳನ್ನು ನಾನು ಒಂದೇ ದಿನ ಕೊಡಲಿಲ್ಲ. ಮೊದಲು ಹೇಳಿದ್ದು ಸುರಕ್ಷತೆಯ ಮಾತು. ತೇವಗೊಂಡ ಗೋಡೆಯಲ್ಲೇ ಸ್ವಿಚ್‌ಬೋರ್ಡ್ ಇದ್ದು, ಅದನ್ನು ರಮೇಶ್ ಅವರು ತಾವೇ ಬಿಚ್ಚಿ ನೋಡಿದ್ದರು. ಆ ಕೋಣೆಗೆ ಕರೆಂಟು ಕಡಿತ ಮಾಡುವ ಎಂಸಿಬಿ ಸ್ವಿಚ್ಚನ್ನು ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬೋರ್ಡನ್ನು ಮುಟ್ಟಬಾರದೆಂದು ಕೇಳಿಕೊಂಡೆ. ತಾರಸಿಯ ಬಿರುಕೂ ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಅದು ಪೂರ್ತಿ ಒಣಗಬೇಕು, ಬಿರುಕು ಅಗಲಿಸಿ ಗಾರೆ ತುಂಬಬೇಕು, ಹಲವು ದಿನ ನೀರುಣಿಸಬೇಕು, ಅದು ಒಣಗಿದ ಮೇಲೆ ನೀರು ತಡೆಯುವ ಲೇಪನವನ್ನು ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಬಳಿಯಬೇಕು. ಇದನ್ನು ಭಾನುವಾರಗಳಿಗೆ ಚೂರು ಮಾಡಿ ಹಂಚಿದರೆ ಪ್ರತಿ ವಾರವೂ ಅರ್ಧಕ್ಕೆ ನಿಂತ ಕೆಲಸವೊಂದು ತಲೆಯ ಮೇಲೆ ಕೂತಿರುತ್ತದೆ. ಆದ್ದರಿಂದ ಕಾಯಲಾಗದ್ದು, ಕಾಯಬಹುದಾದದ್ದು, ಕಸುಬುದಾರರಿಗೇ ಬಿಡಬೇಕಾದದ್ದು ಎಂದು ರಿಪೇರಿಗಳನ್ನು ವಿಂಗಡಿಸಿ, ತಮ್ಮ ಕೈಯಾರೆ ಮಾಡುವುದನ್ನು ಭಾನುವಾರಕ್ಕೆ ಒಂದಕ್ಕೆ ಮಿತಿಗೊಳಿಸಲು ಹೇಳಿದೆ. ಗಾರೆಯವರನ್ನು ಕರೆಸಿದರೆ ತಂದೆಗೆ ಅವಮಾನ ಮಾಡಿದಂತಾಗುವುದಿಲ್ಲ ಎಂಬ ಮಾತನ್ನು ನನಗಿಂತ ಚೆನ್ನಾಗಿ ಅವರ ತಾಯಿ ಹೇಳಿದರು: "ನಿಮ್ಮಪ್ಪನ ಜೊತೆ ಕೈ ಹಾಕೋಕೆ ಮೂವರು ತಮ್ಮಂದಿರಿದ್ರು ಕಣೋ. ನೀನೊಬ್ಬನೇ."

ನೀರು ಅಥವಾ ಕರೆಂಟು ನಿಲ್ಲಿಸುವ ಕೆಲಸವಿದ್ದರೆ ಹಿಂದಿನ ರಾತ್ರಿಯೇ ಅಡುಗೆಮನೆಗೆ ತಿಳಿಸಬೇಕು ಮತ್ತು ಅದನ್ನು ಊಟದ ನಂತರವೇ ಮಾಡಬೇಕು ಎಂಬುದಕ್ಕೆ ಇಬ್ಬರೂ ಕೂಡಲೇ ಒಪ್ಪಿದರು.

ನಾದಿನಿಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಬರುವ ಮೊದಲು ಫೋನ್ ಮಾಡುವಂತೆ ಹೇಳಬೇಕಾದವರು ರಮೇಶ್ ಅವರೇ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಅದೇ ಮಾತನ್ನು ಸೊಸೆ ಆಡಿದರೆ ತವರಿನ ಬಾಗಿಲು ಹಾಕಿದಂತೆ ಕೇಳಿಸುತ್ತದೆ. ಅಣ್ಣ ಆಡಿದರೆ ಮನೆಯ ಅನುಕೂಲದ ಮಾತಾಗುತ್ತದೆ. ಜೊತೆಗೆ, ತಂಗಿ ಬಂದ ದಿನ ಕೋಳಿ ಸಾರು, ಮುದ್ದೆ, ಪಾಯಸ, ಹಪ್ಪಳ ಎಲ್ಲವೂ ಆಗಲೇಬೇಕೆಂದು ಯಾರು ಕೇಳಿದ್ದಾರೆಂದು ಸುಮಾ ಅವರನ್ನು ವಿಚಾರಿಸಿದೆ. ಬಹಳ ಹೊತ್ತು ಯೋಚಿಸಿ, "ಯಾರೂ ಕೇಳಿಲ್ಲ. ಕಡಿಮೆ ಮಾಡಿದ್ರೆ ಏನಂದ್ಕೋತಾರೋ ಅಂತ" ಎಂದರು. ಒಂದು ಸಾರು, ಒಂದು ಪಲ್ಯಕ್ಕೆ ಇಳಿಸಿ ಒಮ್ಮೆ ನೋಡಿ ಎಂದೆ. ಭಾನುವಾರದ ಬೆಳಗಿನ ತಿಂಡಿಗೆ ಒಲೆ ಹಚ್ಚುವುದೇ ಬೇಡ, ರಮೇಶ್ ಅವರು ಮಗಳನ್ನು ಕೂರಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತರಲಿ, ಅದೇ ಬೆಳಿಗ್ಗೆ ಅಂತರಸನಹಳ್ಳಿ ಮಾರುಕಟ್ಟೆಯಿಂದ ವಾರದ ತರಕಾರಿಯನ್ನೂ ಅವರೇ ತರಲಿ ಎಂದು ಸೂಚಿಸಿದೆ. ತರುವುದೆಂದರೆ ಪಟ್ಟಿ ಹಿಡಿದು ಹೋಗುವುದಲ್ಲ. ಮನೆಯಲ್ಲಿ ಏನಿದೆ, ಏನಿಲ್ಲ ಎಂದು ನೋಡಿ ಪಟ್ಟಿ ಮಾಡುವುದೂ ಅವರ ಕೆಲಸವೇ. ನೆನಪಿಡುವ ಹೊಣೆ ಕೈಬದಲಾಗದಿದ್ದರೆ ಕೆಲಸ ಕೈಬದಲಾದಂತಾಗುವುದಿಲ್ಲ.

ಕುಟುಂಬದ ಸಮಯವೆಂದು ಪ್ರತ್ಯೇಕ ಪ್ರವಾಸವನ್ನೋ ಸಿನಿಮಾವನ್ನೋ ನಾನು ಸೂಚಿಸಲಿಲ್ಲ. ತುಂಬಿದ ದಿನಕ್ಕೆ ಇನ್ನೊಂದು ಕಾರ್ಯಕ್ರಮ ಸೇರಿಸಿದರೆ ಅದೂ ಕೆಲಸವೇ ಆಗುತ್ತದೆ. ಇರುವ ಕೆಲಸದಲ್ಲೇ ಜೊತೆಗಿರುವುದಕ್ಕೆ ಜಾಗ ಹುಡುಕಿದೆವು. ಮಗನ ಕೈಗೆ ಟಾರ್ಚ್ ಬದಲು ಸ್ಪ್ಯಾನರ್ ಕೊಡಿ, ಟಾರ್ಚ್ ನೀವು ಹಿಡಿಯಿರಿ, ಹತ್ತು ನಿಮಿಷದ ಕೆಲಸ ನಲವತ್ತು ನಿಮಿಷವಾದರೂ ಆಗಲಿ ಎಂದು ರಮೇಶ್ ಅವರಿಗೆ ಹೇಳಿದೆ. ಡಿಸೆಂಬರ್ ಬಂದಿತ್ತು, ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರಿಗೆ ರಾತ್ರಿ ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವುದು ಒಬ್ಬರೇ ಕೂತರೆ ಬೇಸರದ ಕೆಲಸ. ಐದು ಜನ ಕೂತರೆ ಮಾತಿನ ಕೆಲಸ. ಮಂಡಿನೋವಿನಿಂದ ಅಡುಗೆಮನೆ ಬಿಟ್ಟುಕೊಟ್ಟು, ತಾನು ಯಾರಿಗೂ ಬೇಡವಾದೆನೆಂದು ಕೊರಗುತ್ತಿದ್ದ ಅಜ್ಜಿಗೆ ಅದರ ಮೇಲುಸ್ತುವಾರಿ ವಹಿಸಿ, ಆ ಹೊತ್ತು ಮೊಬೈಲ್‌ಗಳೆಲ್ಲ ಬೇರೆ ಕೋಣೆಯಲ್ಲಿರಲಿ ಎಂದೆ. ಗುರುವಾರ ರಾತ್ರಿ ಹದಿನೈದು ನಿಮಿಷ ಇಬ್ಬರೇ ಕೂತು ಬರುವ ಭಾನುವಾರಕ್ಕೆ ಏನು ಬೇಕು ಎನ್ನುವುದಕ್ಕಿಂತ ಏನನ್ನು ಬಿಡಬಹುದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕೆಂಬುದೂ ಒಪ್ಪಂದದಲ್ಲಿ ಸೇರಿತು.

ಮೊದಲ ವಾರ ಇದಾವುದೂ ನಡೆಯಲಿಲ್ಲ. ಒಂದೇ ರಿಪೇರಿ ಎಂದು ಒಪ್ಪಿದ್ದ ರಮೇಶ್ ಅವರು ಮೂರಕ್ಕೆ ಕೈ ಹಾಕಿದ್ದರು. ಅವರು ತಂದ ಸೊಪ್ಪು ಬಲಿತದ್ದೆಂದು ಸುಮಾ ಅವರು ಮತ್ತೆ ತಾವೇ ಮಾರುಕಟ್ಟೆಗೆ ಹೋಗಿದ್ದರು. ಎರಡನೆಯದನ್ನು ನಾನು ಮೊದಲನೆಯದರಷ್ಟೇ ಗಂಭೀರವಾಗಿ ಪರಿಗಣಿಸಿದೆ. ಕೆಲಸ ಬಿಟ್ಟುಕೊಡುವವರು ಅದು ತಮ್ಮ ರೀತಿಯಲ್ಲೇ ಆಗಬೇಕೆಂಬ ಹಟವನ್ನೂ ಬಿಟ್ಟುಕೊಡಬೇಕಾಗುತ್ತದೆ, ಮತ್ತು ಹದಿನೈದು ವರ್ಷ ಒಂಟಿಯಾಗಿ ಹೊತ್ತವರಿಗೆ ಅದು ಕಷ್ಟ. ಬಲಿತ ಸೊಪ್ಪಿನಲ್ಲೇ ಒಂದು ಸಲ ಬಸ್ಸಾರು ಮಾಡಿ ಎಂದೆ. ಮುಂದಿನ ವಾರಗಳಲ್ಲಿ ಹಂತಹಂತವಾಗಿ ಹಿಡಿತ ಸಿಕ್ಕಿತು. ಜನವರಿಯ ಒಣ ಹವೆಯಲ್ಲಿ ಗಾರೆಯವರು ಬಂದು ತಾರಸಿಯ ಕೆಲಸ ಮುಗಿಸಿದರು. ಬಚ್ಚಲಮನೆಯ ಇನ್ನೊಂದು ನಲ್ಲಿಯನ್ನು ಟೆಫ್ಲಾನ್ ಟೇಪ್ ಸುತ್ತಿ ಮಗನೇ ಕೂರಿಸಿದ. ಮೊದಲ ಸಲ ಸೋರಿತು, ಬಿಚ್ಚಿ ಮತ್ತೆ ಸುತ್ತಿದ. ಸುಮಾ ಅವರ ನಿದ್ರೆ ಸುಧಾರಿಸಿದೆ, ಶನಿವಾರದ ಎದೆಭಾರ ಇಳಿದಿದೆ.

ನಾದಿನಿಗೆ ಅಣ್ಣನ ಮಾತು ನೋವುಂಟುಮಾಡಿ, ಅವರು ಕೆಲವು ವಾರ ಬರಲೇ ಇಲ್ಲ. ಇದರಿಂದ ಅತ್ತೆಗೆ ಬೇಸರವಿದೆ, ಆ ಬೇಸರ ಸೊಸೆಯ ಕಡೆಗೇ ತಿರುಗುವ ಸಂಭವವೂ ಇದೆ. ತಂಗಿಯ ಮನೆಗೆ ರಮೇಶ್ ಅವರೇ ಒಮ್ಮೆ ಹೋಗಿ, ಬರಬೇಡವೆಂದಲ್ಲ, ಹೇಳಿ ಬಾ ಎಂದಷ್ಟೇ ತನ್ನ ಮಾತಿನ ಅರ್ಥವೆಂದು ಎದುರು ಕೂತು ತಿಳಿಸಬೇಕೆಂದು ಹೇಳಿದ್ದೇನೆ. ಮುಂದಿನ ಭೇಟಿಗೆ, ಅವರ ಒಪ್ಪಿಗೆಯಿದ್ದರೆ, ತಾಯಿಯನ್ನೂ ಜೊತೆಗೆ ಕರೆತರುವಂತೆ ಸೂಚಿಸಿದ್ದೇನೆ.