ಜೆರುಸಲೇಮಿನ ಹುಸೇನಿ ಮನೆತನ: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ಮಂಗಳೂರಿನಿಂದ ಆರೈಕೆ ಕೆಲಸಕ್ಕೆ ಬಂದು ಇನ್ನೂ ತಿಂಗಳು ತುಂಬದ ನಿಮಗೆ ಸಂಬಳ, ರಜೆ, ಬಸ್ಸುಗಳ ವಿಚಾರವನ್ನು ಯಾರಾದರೂ ಹೇಳಿಕೊಟ್ಟಾರು. ಪೂರ್ವ ಜೆರುಸಲೇಮಿನ ಅಂಗಡಿಯಲ್ಲಿ ‘ಹುಸೇನಿ’ ಎಂಬ ಹೆಸರು ಬಂದಾಗ ಹಿರಿಯರ ಧ್ವನಿ ಬದಲಾಗುವುದೇಕೆ, ಆ ಮನೆತನಕ್ಕೂ ಇಲ್ಲಿನ ಯುದ್ಧಗಳಿಗೂ ಏನು ನಂಟು ಎಂಬ ನಿಮ್ಮ ಪ್ರಶ್ನೆಗೆ ಮಾತ್ರ, ಬಹುಕಾಲದಿಂದ ಇಲ್ಲಿಯೇ ನೆಲೆಸಿರುವ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಮನೆತನದ ಬಲ ಮೊದಲಿಗೆ ಬಂದೂಕಿನದಲ್ಲ, ಹುದ್ದೆಯದು. ತುರ್ಕರ ಆಳ್ವಿಕೆಯಿಂದಲೂ ಮುಫ್ತಿಯ, ಅಂದರೆ ಇಸ್ಲಾಂ ಧರ್ಮಶಾಸ್ತ್ರದ ತೀರ್ಪು ಹೇಳುವ ಹಿರಿಯನ ಸ್ಥಾನ, ನಗರಸಭೆ, ಜಮೀನು ಇವುಗಳಲ್ಲಿ ಇವರ ಹಿಡಿತವಿತ್ತು. ನಮ್ಮ ಕರಾವಳಿಯ ಗುತ್ತಿನ ಮನೆಗಳಿಗೆ ಊರಿನ ನ್ಯಾಯ, ನೇಮ ಎರಡರಲ್ಲೂ ಇದ್ದ ಅಧಿಕಾರವನ್ನು ನೆನೆದರೆ ನಿಮಗೆ ಅಂದಾಜಾದೀತು. ಮೊದಲ ಮಹಾಯುದ್ಧದಲ್ಲಿ ತುರ್ಕರಿಂದ ನಗರವನ್ನು ಗೆದ್ದ ಬ್ರಿಟಿಷರು, 1920ರ ಅರಬ್-ಯಹೂದಿ ಗಲಭೆಯ ಬಳಿಕ ಮೂಸಾ ಕಾಝಿಂ ಹುಸೇನಿಯವರನ್ನು ಮೇಯರ್ ಸ್ಥಾನದಿಂದ ಇಳಿಸಿ, ಎದುರಾಳಿ ಮನೆತನದ ರಾಗಿಬ್ ನಶಾಶೀಬಿಯವರನ್ನು ಕೂರಿಸಿದರು. ಮರುವರ್ಷ ಸರಿದೂಗಿಸುವಂತೆ ಹಾಜಿ ಅಮೀನ್ ಹುಸೇನಿಯವರನ್ನು ಮುಫ್ತಿಯಾಗಿ ನೇಮಿಸಿದರು. 1922ರಲ್ಲಿ ಸುಪ್ರೀಂ ಮುಸ್ಲಿಂ ಕೌನ್ಸಿಲ್‌ನ ಅಧ್ಯಕ್ಷತೆಯೂ ದೊರೆತಾಗ ವಕ್ಫ್ ಆದಾಯವೂ ಷರಿಯಾ ನ್ಯಾಯಾಲಯಗಳ ನೇಮಕಾತಿಯೂ ಅವರ ಕೈಸೇರಿದವು.

1936ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಆರಂಭವಾದ ಅರಬರ ಮುಷ್ಕರದಲ್ಲಿ ಎರಡೂ ಮನೆತನಗಳು ಅದನ್ನು ಮುನ್ನಡೆಸಿದ ಅರಬ್ ಉನ್ನತ ಸಮಿತಿಯೊಳಗೆ ಒಟ್ಟಿಗಿದ್ದವು. 1937ರಲ್ಲಿ ನಶಾಶೀಬಿಗಳು ಹೊರನಡೆದರು, ಹಾಜಿ ಅಮೀನ್ ಲೆಬನಾನಿಗೆ ತಪ್ಪಿಸಿಕೊಂಡರು. ಬ್ರಿಟಿಷರ ಮತ್ತು ಯಹೂದಿಗಳ ವಿರುದ್ಧದ ದಂಗೆ ಆ ಬಳಿಕ ಅರಬರೊಳಗಿನ ಕೊಲೆಗಳಿಗೂ ದಾರಿಯಾಯಿತು. ಮುಫ್ತಿಯ ಬೆಂಬಲಿಗರು ವಿರೋಧಿಗಳನ್ನು ಬೇಟೆಯಾಡಿದರೆ, ಫಖ್ರಿ ನಶಾಶೀಬಿ ಬ್ರಿಟಿಷರ ನೆರವಿನಿಂದ ‘ಶಾಂತಿ ಪಡೆ’ಗಳನ್ನು ಕಟ್ಟಿ ದಂಗೆಕೋರರನ್ನು ಹಿಡಿಸಿದರು. ಅವರು 1941ರಲ್ಲಿ ಬಾಗ್ದಾದಿನಲ್ಲಿ ಗುಂಡಿಗೆ ಬಲಿಯಾದರು. ಅದೇ ವರ್ಷ ಹಾಜಿ ಅಮೀನ್ ಬರ್ಲಿನ್ನಿನಲ್ಲಿ ಹಿಟ್ಲರನನ್ನು ಭೇಟಿಯಾದರು. ತಮ್ಮ ಜನರಿಗೆ ಇದಕ್ಕಿಂತ ದೊಡ್ಡ ಹಾನಿಯನ್ನು ಅವರು ಮಾಡಿರಲಾರರೆಂದೇ ನನ್ನ ಅಭಿಪ್ರಾಯ.

ಸ್ವತಃ ಬಂದೂಕು ಹಿಡಿದವರು ಮೂಸಾ ಕಾಝಿಂ ಅವರ ಮಗ ಅಬ್ದುಲ್ ಖಾದರ್. ಟೆಲ್ ಅವೀವಿನಿಂದ ಬಸ್ಸು ಘಟ್ಟ ಹತ್ತುವಾಗ, ಜೆರುಸಲೇಮಿಗೆ ಸ್ವಲ್ಪ ಮೊದಲು ಕಸ್ತಲ್ ಎಂಬ ಬೆಟ್ಟವಿದೆ. ಈಗ ರಾಷ್ಟ್ರೀಯ ಉದ್ಯಾನ. ಈ ರಸ್ತೆಯನ್ನು ಹಿಡಿತದಲ್ಲಿಟ್ಟುಕೊಂಡವರಿಗೆ ನಗರದ ಅಕ್ಕಿಬೇಳೆಯೂ ವಶವಾಗುತ್ತಿದ್ದುದರಿಂದ 1948ರ ಏಪ್ರಿಲ್‌ನಲ್ಲಿ ಅರಬ್ ಮತ್ತು ಯಹೂದಿ ಪಡೆಗಳ ನಡುವೆ ಇಲ್ಲಿ ಘೋರ ಕಾಳಗ ನಡೆಯಿತು. ಡಮಾಸ್ಕಸ್ಸಿಗೆ ಹೋಗಿ ಶಸ್ತ್ರಾಸ್ತ್ರ ಬೇಡಿ, ಹೆಚ್ಚೇನೂ ದಕ್ಕದೆ ಹಿಂದಿರುಗಿದ್ದ ಅಬ್ದುಲ್ ಖಾದರ್ ಏಪ್ರಿಲ್ 8ರ ನಸುಕಿನಲ್ಲಿ ಇಲ್ಲಿಯೇ ಹತರಾದರು. ಅಂದು ಅವರ ಹೋರಾಟಗಾರರು ಯಹೂದಿ ಪಡೆ ಹಿಡಿದಿದ್ದ ಬೆಟ್ಟವನ್ನು ಮರಳಿ ಗೆದ್ದರು. ಆದರೆ ಬಹುಮಂದಿ ಅವರ ಅಂತ್ಯಕ್ರಿಯೆಗೆಂದು ನಗರಕ್ಕೆ ತೆರಳಿದ್ದರಿಂದ ಯಹೂದಿ ಪಡೆ ಅದನ್ನು ಮತ್ತೆ ಸುಲಭವಾಗಿ ವಶಪಡಿಸಿಕೊಂಡಿತು. ಹಳ್ಳಿಯವರು ಸೇರಿದ್ದು ಒಂದು ಸೇನೆಯನ್ನಲ್ಲ, ಒಬ್ಬ ಹುಸೇನಿಯನ್ನು. ಆತ ಇಲ್ಲದಾದಾಗ ಆಜ್ಞೆ ಕೊಡುವವರೇ ಉಳಿಯಲಿಲ್ಲ.

ಈಗ ಈ ಮನೆತನಕ್ಕೆ ಸ್ವಂತ ಪಡೆಯೇನೂ ಇಲ್ಲ, ಆ ಭಯ ನಿಮಗೆ ಬೇಡ. ನೀವು ಆರೈಕೆ ಮಾಡುವ ಯಹೂದಿ ಮನೆಯಲ್ಲಿ ಕಸ್ತಲ್‌ನ ಕಥೆ ಬೇರೆಯೇ ಆಗಿರುತ್ತದೆಯಾದ್ದರಿಂದ, ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಿ, ವಾದಕ್ಕಿಳಿಯಬೇಡಿ. ಅಬ್ದುಲ್ ಖಾದರ್ ಅವರ ಮಗ ಫೈಸಲ್ ಹೀಬ್ರೂ ಕಲಿತು, ಶೇಖ್ ಜರ್ರಾ ಬಡಾವಣೆಯ ಕುಟುಂಬದ ಬಂಗಲೆಯಾದ ಓರಿಯಂಟ್ ಹೌಸಿನಲ್ಲಿ ಕುಳಿತು ಇಸ್ರೇಲಿನೊಂದಿಗೆ ಮಾತುಕತೆಯ ದಾರಿ ಹಿಡಿದಿದ್ದರು. 2001ರಲ್ಲಿ ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ ಇಸ್ರೇಲ್ ಸರ್ಕಾರ ಆ ಕಚೇರಿಯನ್ನು ಮುಚ್ಚಿಸಿತು.